ಜೋಳದ ದಂಟಿನಿಂದ ‘ಮಾರುತ’ದವರೆಗೆ

ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿ ಸೀಮೆಯಂಥ ಎರೆಭೂಮಿಯಲ್ಲಿ ಜೋಳದ ಸುಗ್ಗಿ ಮುಗಿದರೆ ಮಕ್ಕಳಿಗೆ ಹೊಸ ಕೆಲಸ. ದಂಟಿನ ಸಿಬಿರು ಸುಲಿದು, ಒಳಗಿನ ಬೆಂಡನ್ನು ತುಂಡರಿಸಿ, ಸಿಬಿರನ್ನೇ ಮೊಳೆಯಂತೆ ಚುಚ್ಚಿ ಚಕ್ಕಡಿ ಕಟ್ಟುವುದು ಬಯಲುಸೀಮೆಯ ಹಳೆಯ ಆಟ. ಮಣ್ಣೆತ್ತಿನ ಅಮಾವಾಸ್ಯೆಗೆ ಅವೇ ಕೈಗಳು ಹಸಿಮಣ್ಣಿನಲ್ಲಿ ಜೋಡೆತ್ತು ಮಾಡುತ್ತವೆ. ದೊಡ್ಡದನ್ನು ಚಿಕ್ಕದಾಗಿ ಮಾಡಿ ನೋಡುವ ಈ ವಿದ್ಯೆಗೂ, ಪಟ್ಟಣದವರ ದುಬಾರಿ ಹವ್ಯಾಸವೆನಿಸಿದ ಮಾದರಿ ವಿಮಾನ ನಿರ್ಮಾಣಕ್ಕೂ ಅಂಥ ದೂರವೇನಿಲ್ಲ. ಇರುವ ವ್ಯತ್ಯಾಸ ಮುಖ್ಯವಾಗಿ ಒಂದೇ: ಅಳತೆ.

ಮಣ್ಣೆತ್ತಿಗೆ ಕೊಂಬು, ಇಣಿ ಇದ್ದರೆ ಸಾಕು, ಪೂಜೆಗೆ ಸಲ್ಲುತ್ತದೆ. ಪ್ರಮಾಣಬದ್ಧ ಮಾದರಿಗೆ ಅಷ್ಟು ಸಾಲದು. ಅದರ ಪ್ರತಿಯೊಂದು ಭಾಗವೂ ಮೂಲದ ಇಂತಿಷ್ಟೇ ಪಾಲು ಇರಬೇಕು. ಜಗತ್ತಿನಲ್ಲಿ ಹೆಚ್ಚು ರೂಢಿಯಲ್ಲಿರುವ ಪ್ರಮಾಣ 72ರಲ್ಲಿ ಒಂದು ಪಾಲು. ಏಕೆ 72? ಆರು ಅಡಿಗೆ 72 ಇಂಚು. ಆರಡಿಯ ಆಳು ಇಲ್ಲಿ ಒಂದಿಂಚಿನವನಾಗುತ್ತಾನೆ. 1930ರ ದಶಕದಲ್ಲಿ ಇಂಗ್ಲೆಂಡಿನ ‘ಸ್ಕೈಬರ್ಡ್ಸ್’ ಎಂಬ ಮರದ ಮಾದರಿಗಳು ಈ ಲೆಕ್ಕವನ್ನು ಬಳಕೆಗೆ ತಂದವು. ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆ ಇದೇ ಪ್ರಮಾಣದ ಐದು ಲಕ್ಷ ಮಾದರಿಗಳನ್ನು ಮಾಡಿಕೊಡುವಂತೆ ಶಾಲಾ ಮಕ್ಕಳನ್ನು ಕೇಳಿತು. ಇದು ಆಟಕ್ಕಲ್ಲ. ಹತ್ತು ಮೀಟರ್ ದೂರದಿಂದ ಕಾಣುವ ಮಾದರಿ, 720 ಮೀಟರ್ ದೂರದ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಶತ್ರು ಯಾರು, ಮಿತ್ರ ಯಾರೆಂದು ಗುರುತಿಸಲು ಸೈನಿಕರು ಹೀಗೆ ಕಲಿತರು.

ನಮ್ಮ ನಾಡಿನ ಉದಾಹರಣೆಯೂ ಇದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ‘ಮಾರುತ’ ಯುದ್ಧವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು. ಅದಕ್ಕೂ ಮುನ್ನ, 1959ರಲ್ಲಿ, ಅದೇ ಗಾತ್ರದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿ, ಇನ್ನೊಂದು ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ಕಾಗದದ ಮೇಲೆ ಕಾಣದ್ದು ಕಟ್ಟಿದಾಗ ಕಾಣುತ್ತದೆ ಎಂಬುದು ದೊಡ್ಡ ಎಂಜಿನಿಯರರಿಗೂ ತಿಳಿದ ಮಾತೇ.

ಈ ಮಾರುತವನ್ನೇ ಮನೆಯಲ್ಲಿ ಮಾಡಬೇಕೆಂದರೆ? ಅದರ ರೆಕ್ಕೆಯ ಹರವು 9 ಮೀಟರ್; 72ರಿಂದ ಭಾಗಿಸಿದರೆ ಹನ್ನೆರಡೂವರೆ ಸೆಂಟಿಮೀಟರ್. ಉದ್ದ 15.87 ಮೀಟರ್, ಮಾದರಿಯಲ್ಲಿ 22 ಸೆಂಟಿಮೀಟರ್. ಅಳೆಯುವ ಪಟ್ಟಿಯನ್ನೂ ನಾವೇ ಮಾಡಿಕೊಳ್ಳಬಹುದು. ಹಳೆಯ ಲಗ್ನಪತ್ರಿಕೆಯಿಂದ ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಗೆರೆ ಹಾಕಿದ ನೋಟ್‌ಬುಕ್ಕಿನ ಮೇಲೆ ಅದನ್ನು ಓರೆಯಾಗಿ ಇಡಿ. ಒಂದು ತುದಿ ಮೊದಲ ಗೆರೆಯ ಮೇಲೆ, ಇನ್ನೊಂದು ಹತ್ತನೆಯ ಗೆರೆಯ ಮೇಲೆ ಇರಲಿ. ನಡುವಿನ ಗೆರೆಗಳು ಹಾಯುವಲ್ಲೆಲ್ಲ ಗುರುತು ಹಾಕಿದರೆ ಒಂಬತ್ತು ಸಮಪಾಲು ಸಿದ್ಧ. ಒಂದೊಂದು ಪಾಲೂ ನಿಜವಾದ ವಿಮಾನದ ಒಂದು ಮೀಟರ್.

ಉಳಿದ ಸಲಕರಣೆಗಳೂ ಮನೆಯಲ್ಲಿವೆ. ಅಂಟು ಒಣಗುವವರೆಗೆ ರೆಕ್ಕೆಯ ಪದರಗಳನ್ನು ಹಿಡಿದಿಡಲು ಬಟ್ಟೆ ಒಣಗಿಸುವ ಕ್ಲಿಪ್ಪು. ಒಡಲಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಳೆಗಳು. ಎರಡು ರೆಕ್ಕೆಯೂ ಸಮ ಎತ್ತರದಲ್ಲಿ ಕೂಡಲು ತುದಿಗಳ ಕೆಳಗೆ ಒಂದೇ ಅಳತೆಯ ಎರಡು ಕಡ್ಡಿಪೆಟ್ಟಿಗೆ. ಐಸ್‌ಕ್ಯಾಂಡಿ ಕಡ್ಡಿಗೆ ಸ್ಯಾಂಡ್ ಪೇಪರ್ ಅಂಟಿಸಿದರೆ ಸಣ್ಣ ಅರ. ಸವೆದ ಹವಾಯಿ ಚಪ್ಪಲಿಯಲ್ಲಿ ತೂತು ಕೊರೆದು ಅಂಟಿನ ಸೀಸೆ ಕೂಡಿಸಿದರೆ ಅದು ಉರುಳಿ ಚೆಲ್ಲುವುದಿಲ್ಲ. ಬಣ್ಣ ಹಚ್ಚಿದ ಚಿಕ್ಕ ಭಾಗಗಳನ್ನು ಸಿಬಿರಿನ ತುದಿಗೆ ತುಸು ಅಂಟಿಸಿ, ಇನ್ನೊಂದು ತುದಿಯನ್ನು ಜೋಳದ ಬೆಂಡಿಗೆ ಚುಚ್ಚಿ ನಿಲ್ಲಿಸಬಹುದು. ಸಂದು ತುಂಬುವ ಮೆತ್ತನೆಯ ಪದಾರ್ಥಕ್ಕೂ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಾರರು ದಾರಿ ತೋರಿದ್ದಾರೆ: ಸೆಣಬಿನ ಪುಡಿ, ಕಟ್ಟಿಗೆಯ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಅವರು ಮಾಡುವ ‘ಕಿಟ್ಟ’. ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಅಂಟು, ಎಣ್ಣೆಬಣ್ಣಗಳನ್ನು ಗಾಳಿಯಾಡುವ ಕಡೆಯೇ ಬಳಸಬೇಕು.

ಇಷ್ಟಾದರೂ ಮಾದರಿ ಒಡ್ಡೊಡ್ಡಾಗಿ ಕಂಡರೆ ದೋಷ ಬಹುಮಟ್ಟಿಗೆ ದಪ್ಪದ್ದು. ಮಾದರಿಯ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಏಳು ಸೆಂಟಿಮೀಟರಿಗೂ ಹೆಚ್ಚು. ಅಷ್ಟು ದಪ್ಪ ಅಂಚಿನ ರೆಕ್ಕೆ ಯಾವ ವಿಮಾನಕ್ಕಿದೆ? ಆದ್ದರಿಂದಲೇ ಅಂಚನ್ನು ಉಜ್ಜಿ ತೆಳುಮಾಡಬೇಕು, ಬಣ್ಣವನ್ನು ನೀರಾಗಿಸಿ ಹಚ್ಚಬೇಕು. ಇಲ್ಲಿ ಹಣಕ್ಕಿಂತ ತಾಳ್ಮೆ ದೊಡ್ಡದು.

ಬಣ್ಣದ ಪೆಟ್ಟಿಗೆಯಲ್ಲಿ ಬರುವ ವಿದೇಶಿ ಕಿಟ್ಟುಗಳ ಬೆಲೆ ನೋಡಿ ‘ಇದು ನಮ್ಮಂಥವರದಲ್ಲ’ ಎಂದು ಹಳ್ಳಿಯ ಮಕ್ಕಳು ಹಿಂದೆ ಸರಿದರೆ ನಷ್ಟವಾಗುವುದು ಒಂದು ಆಟಿಕೆಯಷ್ಟೇ ಅಲ್ಲ. ಭಾಗಾಕಾರ ಕೈಗೆ ಇಳಿಯುವ, ಕಣ್ಣು ಅಳೆಯಲು ಕಲಿಯುವ ಅವಕಾಶವೇ ತಪ್ಪುತ್ತದೆ. ದಂಟಿನ ಚಕ್ಕಡಿ ಕಟ್ಟಿದ ಬೆರಳುಗಳಿಗೆ ಕುಶಲತೆಯ ಕೊರತೆಯಿಲ್ಲ. ಶಾಲೆಯಲ್ಲೋ ಮನೆಯಲ್ಲೋ ಯಾರಾದರೂ ಅವುಗಳ ಮುಂದೆ ಒಂದು ಅಳತೆಪಟ್ಟಿ ಇಡಬೇಕು, ಅಷ್ಟೇ.