ಅಗಲಿದವರ ದನಿಯನ್ನು ಕೇಳುವ ಬಗೆ

ಹಾಡುಗಾರರೊಬ್ಬರು ತೀರಿಕೊಂಡ ಮೇಲೆ ಅವರ ಹೊಸ ಹಾಡುಗಳು ಹೊರಬಂದರೆ ಅವನ್ನು ಹೇಗೆ ಕೇಳಬೇಕು? ಪ್ರಶ್ನೆ ಮೇಲುನೋಟಕ್ಕೆ ಅನಾವಶ್ಯಕವೆಂದು ತೋರಬಹುದು. ಹಿಡಿಸಿದರೆ ಮೆಚ್ಚುವುದು, ಹಿಡಿಸದಿದ್ದರೆ ಬಿಡುವುದು. ಇದರಲ್ಲಿ ವಿಚಾರ ಮಾಡುವುದೇನಿದೆ ಎಂದು ಯಾರಾದರೂ ಕೇಳಿಯಾರು. ಆದರೆ ಇಂಥ ಸಂದರ್ಭದಲ್ಲಿ ಕಿವಿಯೊಂದೇ ಕೆಲಸ ಮಾಡುವುದಿಲ್ಲ. ಅದರ ಪಕ್ಕದಲ್ಲಿ ನೆನಪು ಕುಳಿತಿರುತ್ತದೆ, ಮರುಕ ಕುಳಿತಿರುತ್ತದೆ. ಹಾಡಿದವರಿಗೆ ತಿಳಿಯದಿದ್ದ ಒಂದು ಸಂಗತಿ ಕೇಳುವವರಿಗೆ ತಿಳಿದಿರುತ್ತದೆ. ಆ ತಿಳಿವಳಿಕೆಯನ್ನು ಬದಿಗಿರಿಸಿ ಕೇಳುವುದು ಸಾಧ್ಯವೆ? ಸಾಧ್ಯವಾದರೂ ಅದು ಸರಿಯೆ? ಐರ್ಲೆಂಡಿನ ‘ದಿ ಕ್ರ್ಯಾನ್‌ಬೆರೀಸ್’ ಎಂಬ ತಂಡದ ಕೊನೆಯ ಗೀತಸಂಪುಟವನ್ನು ಕುರಿತ ಕೇಳುಗರ ಅಭಿಪ್ರಾಯಗಳು ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದಿಡುತ್ತವೆ.

ತಂಡದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ಐರ್ಲೆಂಡಿನ ಪಶ್ಚಿಮದಲ್ಲಿ ಶ್ಯಾನನ್ ನದಿಯ ದಡದ ಮೇಲೆ ಲಿಮರಿಕ್ ಎಂಬ ಊರಿದೆ. ಅಲ್ಲಿ 1989ರಲ್ಲಿ ನೋಯೆಲ್ ಹೋಗನ್, ಮೈಕ್ ಹೋಗನ್ ಎಂಬ ಸಹೋದರರೂ ಅವರ ಗೆಳೆಯ ಫರ್ಗಲ್ ಲಾಲರ್ ಅವರೂ ಸೇರಿ ತಂಡ ಕಟ್ಟಿದರು. ನೋಯೆಲ್ ಗಿಟಾರ್ ನುಡಿಸಿದರೆ ಮೈಕ್ ಬೇಸ್ ಗಿಟಾರ್ ನುಡಿಸುವರು. ಫರ್ಗಲ್ ಅವರದು ಡ್ರಮ್ಸ್. ಮೊದಲಿದ್ದ ಹಾಡುಗಾರ ಬಿಟ್ಟುಹೋದಾಗ, 1990ರಲ್ಲಿ, ಸಮೀಪದ ಬ್ಯಾಲಿಬ್ರಿಕನ್ ಎಂಬ ಹಳ್ಳಿಯ ಹುಡುಗಿಯೊಬ್ಬಳು ಆ ಸ್ಥಾನಕ್ಕೆ ಬಂದಳು. ಆಕೆಯೇ ಮುಂದೆ ಜಗತ್ತು ಅರಿತ ಗಾಯಕಿ ಡೊಲೊರೆಸ್ ಓರಿಯರ್ಡನ್. ನೋಯೆಲ್ ತಾವು ನುಡಿಸಿದ ರಾಗದ ಒಂದು ಕ್ಯಾಸೆಟ್ಟನ್ನು ಆಕೆಯ ಕೈಗಿತ್ತರು. ಕೆಲವೇ ದಿನಗಳಲ್ಲಿ ಆಕೆ ಅದಕ್ಕೆ ಮಾತು ಹೊಂದಿಸಿ ತಂದರು. ‘ಲಿಂಗರ್’ ಎಂಬ ಪ್ರಸಿದ್ಧ ಗೀತೆ ಹುಟ್ಟಿದ್ದು ಹೀಗೆ. ಈ ಕ್ಯಾಸೆಟ್ಟಿನ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಅದರಿಂದ ಪ್ರಯೋಜನವಿದೆ.

1993ರಲ್ಲಿ ಮೊದಲನೆಯ ಸಂಪುಟವೂ 1994ರಲ್ಲಿ ಎರಡನೆಯದೂ ಹೊರಬಂದವು. ಎರಡನೆಯದರಲ್ಲಿದ್ದ ‘ಝಾಂಬಿ’ ಎಂಬ ಹಾಡು ತಂಡದ ಹೆಸರನ್ನು ದೇಶದೇಶಗಳಿಗೆ ಕೊಂಡೊಯ್ದಿತು. 1993ರ ಮಾರ್ಚ್ 20ರಂದು ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದಲ್ಲಿ ಐರಿಷ್ ರಿಪಬ್ಲಿಕನ್ ಸೇನೆಯವರು ಇಟ್ಟ ಬಾಂಬುಗಳಿಗೆ ಇಬ್ಬರು ಬಾಲಕರು ಬಲಿಯಾಗಿದ್ದರು. ತನ್ನ ದೇಶದ ಹೆಸರಿನಲ್ಲಿ ಮಕ್ಕಳನ್ನು ಕೊಂದುದಕ್ಕೆ ಒಬ್ಬ ಐರಿಷ್ ಹೆಣ್ಣುಮಗಳು ತೋರಿದ ಸಿಟ್ಟು ಆ ಹಾಡು. ರಾಕ್ ಸಂಗೀತದಲ್ಲಿ ‘ಆಲ್ಟರ್ನೇಟಿವ್’ ಎಂದು ಕರೆಯುವ ಕವಲಿಗೆ ಈ ತಂಡವನ್ನು ಸೇರಿಸುತ್ತಾರೆ. ಅಬ್ಬರಕ್ಕಿಂತ ಅಂತರಂಗಕ್ಕೆ, ಆಡಂಬರಕ್ಕಿಂತ ಸ್ವಂತ ದನಿಗೆ ಹೆಚ್ಚು ಬೆಲೆ ಕೊಟ್ಟ ಕವಲು ಅದೆಂದು ಸ್ಥೂಲವಾಗಿ ಹೇಳಬಹುದು. ಡೊಲೊರೆಸ್ ಅವರ ದನಿಯಂತೂ ಸಾವಿರ ದನಿಗಳ ನಡುವೆ ಗುರುತು ಸಿಗುವಂಥದು. ಒಂದು ಸ್ಥಾಯಿಯಿಂದ ಇನ್ನೊಂದಕ್ಕೆ ದಾಟುವಲ್ಲಿ ಅದು ಥಟ್ಟನೆ ಒಡೆದಂತಾಗಿ ಮೇಲಕ್ಕೆ ಚಿಮ್ಮುತ್ತದೆ. ಪಾಶ್ಚಾತ್ಯರು ಇದನ್ನು ಯೋಡಲ್ ಎನ್ನುತ್ತಾರೆ. ಕಿಶೋರ್ ಕುಮಾರರ ಹಿಂದಿ ಹಾಡುಗಳನ್ನು ಕೇಳಿದವರಿಗೆ ಅದರ ಉಲ್ಲಾಸದ ರೂಪ ತಿಳಿದಿದೆ. ಡೊಲೊರೆಸ್ ಅವರಲ್ಲಿ ಅದು ಅಳುವಿಗೆ ತೀರ ಹತ್ತಿರದ್ದು.

ಇನ್ನು ಕೊನೆಯ ಸಂಪುಟದ ವಿಷಯ. 2003ರಲ್ಲಿ ಬೇರ್ಪಟ್ಟ ತಂಡ 2009ರಲ್ಲಿ ಮತ್ತೆ ಒಂದಾಗಿತ್ತು. 2017ರ ಸಂಗೀತ ಪ್ರವಾಸ ಡೊಲೊರೆಸ್ ಅವರ ಬೆನ್ನುನೋವಿನಿಂದಾಗಿ ನಡುವೆಯೇ ನಿಂತಿತು. ಅದೇ ವರ್ಷ ನೋಯೆಲ್ ಮತ್ತು ಡೊಲೊರೆಸ್ ಹೊಸ ಹಾಡುಗಳಿಗೆ ಕೈಹಾಕಿದರು. 2018ರ ಜನವರಿ 15ರಂದು ಲಂಡನ್ನಿನ ಹೋಟೆಲೊಂದರಲ್ಲಿ ಆಕೆ ಆಕಸ್ಮಿಕವಾಗಿ ಮರಣ ಹೊಂದಿದರು. ವಯಸ್ಸು 46. ಮದ್ಯದ ಅಮಲಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಒದಗಿದ ಅಪಘಾತವಿದು ಎಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ತೀರ್ಮಾನಿಸಿದರು. ಅಷ್ಟರಲ್ಲಿ ನೋಯೆಲ್ ತಮ್ಮ ಬಳಿಯಿದ್ದ ಕರಡು ಮುದ್ರಣಗಳನ್ನು ಕೇಳಿ ನೋಡಿದ್ದರು. ಸಂಪುಟವೊಂದಕ್ಕೆ ಸಾಕಾಗುವಷ್ಟು ಹಾಡುಗಳಲ್ಲಿ ಆಕೆಯ ದನಿಯಿತ್ತು. ಆಕೆಯ ಕುಟುಂಬದವರ ಒಪ್ಪಿಗೆ ಪಡೆದು ಉಳಿದ ಮೂವರು ಲಂಡನ್ನಿನಲ್ಲಿ ಕೆಲಸ ಮುಗಿಸಿದರು. ತಂಡದ ಮೊದಲೆರಡು ಸಂಪುಟಗಳ ನಾದವನ್ನು ರೂಪಿಸಿದ ಸ್ಟೀಫನ್ ಸ್ಟ್ರೀಟ್ ಅವರೇ ಇದನ್ನೂ ರೂಪಿಸಿದರು. ‘ಇನ್ ದಿ ಎಂಡ್’ ಎಂಬ ಹೆಸರಿನ, ಹನ್ನೊಂದು ಹಾಡುಗಳ ಈ ಸಂಪುಟ 2019ರ ಏಪ್ರಿಲ್ 26ರಂದು ಬಿಡುಗಡೆಯಾಯಿತು. ಇದರೊಂದಿಗೆ ತಂಡ ಮುಗಿಯಿತು, ಆ ಸ್ಥಾನಕ್ಕೆ ಬೇರೆ ಗಾಯಕಿಯನ್ನು ತರುವುದಿಲ್ಲ ಎಂದು ಮೂವರೂ ಸಾರಿದರು.

ಈ ಸಂಪುಟವನ್ನು ಕುರಿತ ಅಭಿಪ್ರಾಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ತಂಡದ ಆರಂಭದ ಎರಡು ಸಂಪುಟಗಳ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ಇದಕ್ಕಿದೆ ಎನ್ನುವವರದು ಮೊದಲನೆಯ ಬಗೆ. ಇದು ಅರ್ಧ ಬೆಂದ ಅಡಿಗೆ, ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ಅನುಕಂಪ ಎನ್ನುವವರದು ಎರಡನೆಯ ಬಗೆ. ಶ್ರೇಷ್ಠ ರಾಕ್ ಸಂಪುಟಕ್ಕೆ ಕೊಡುವ ಗ್ರ್ಯಾಮಿ ಪ್ರಶಸ್ತಿಗೆ ಈ ಕೃತಿ ನಾಮನಿರ್ದೇಶನಗೊಂಡದ್ದನ್ನೂ, ಪ್ರಶಸ್ತಿ 2020ರ ಜನವರಿಯಲ್ಲಿ ಬೇರೆಯವರ ಪಾಲಾದುದನ್ನೂ ಈ ಎರಡು ಪಕ್ಷದವರೂ ತಮ್ಮ ತಮ್ಮ ವಾದಕ್ಕೆ ಬಳಸಿಕೊಳ್ಳಬಲ್ಲರು. ಮೂರನೆಯ ಬಗೆಯವರು ಪ್ರತಿಯೊಂದು ಸಾಲಿನಲ್ಲಿಯೂ ವಿದಾಯವನ್ನೇ ಕೇಳುತ್ತಾರೆ. ಆಕೆಗೆ ಮುಂಚಿತವಾಗಿ ಎಲ್ಲವೂ ಗೊತ್ತಿತ್ತೇನೋ ಎಂದು ನಡುಗುತ್ತಾರೆ. ನಾಲ್ಕನೆಯ ಬಗೆಯವರಿಗೆ ಸಂಪುಟ ಹೊರಬಂದುದೇ ಹಿಡಿಸದು. ಕಲಾವಿದೆ ತಾನೇ ಕೇಳಿ ‘ಇದು ಸರಿ’ ಎನ್ನದ ಕರಡನ್ನು ಲೋಕದ ಮುಂದಿಡುವ ಹಕ್ಕು ಯಾರಿಗಿದೆ ಎಂಬುದು ಅವರ ಪ್ರಶ್ನೆ.

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ, ಏಕೆಂದರೆ ಇದು ನಮ್ಮ ಸಾಹಿತ್ಯಕ್ಕೂ ಹಳೆಯ ಪ್ರಶ್ನೆ. ಬಾಣಭಟ್ಟ ‘ಕಾದಂಬರಿ’ಯನ್ನು ಮುಗಿಸದೆ ತೀರಿಕೊಂಡ. ಉತ್ತರಭಾಗವನ್ನು ಬರೆದವನು ಅವನ ಮಗ. ತಂದೆಯ ಮಾತಿನೊಡನೆಯೇ ಕಥೆಯೂ ಕಡಿದುಹೋದುದಕ್ಕೆ ಸಹೃದಯರು ಪಡುವ ದುಃಖವನ್ನು ನೋಡಲಾರದೆ ಈ ಕೆಲಸಕ್ಕೆ ತೊಡಗಿದೆನೇ ಹೊರತು ಕವಿತ್ವದ ಗರ್ವದಿಂದಲ್ಲ ಎಂದು ಅವನು ಮೊದಲಿಗೇ ಅರಿಕೆ ಮಾಡಿಕೊಂಡಿದ್ದಾನೆ. ಆ ಮಗ ಹಾಗೆ ಮಾಡದಿದ್ದರೆ ಕನ್ನಡದಲ್ಲಿ ನಾಗವರ್ಮನ ‘ಕರ್ಣಾಟಕ ಕಾದಂಬರಿ’ ಇಂದಿರುವ ಪೂರ್ಣರೂಪದಲ್ಲಿ ನಮಗೆ ದೊರೆಯುತ್ತಿರಲಿಲ್ಲ. ಲಿಮರಿಕ್ಕಿನ ಮೂವರು ಗೆಳೆಯರ ಸ್ಥಿತಿ ಬಾಣನ ಮಗನ ಸ್ಥಿತಿಯಂಥದೇ. ಆದರೆ ಒಂದು ವ್ಯತ್ಯಾಸವಿದೆ. ಬಾಣನ ಮಗ ತನ್ನ ಮಾತುಗಳನ್ನು ಸೇರಿಸಿದ. ಇವರು ಆಕೆಯ ಮಾತಿನ ಮುಂದೆ ತಮ್ಮ ಮಾತನ್ನು ಇಡಲಿಲ್ಲ. ಆಕೆಯ ದನಿಯ ಸುತ್ತ ತಮ್ಮ ವಾದ್ಯಗಳನ್ನು ನುಡಿಸಿದರು. ಹಿಂದೆ ತಂಡದೊಂದಿಗೆ ಪ್ರವಾಸ ಮಾಡಿದ್ದ ಜೊಹಾನಾ ಕ್ರ್ಯಾನಿಚ್ ಎಂಬ ಗಾಯಕಿ ಸಹಗಾಯನ ಒದಗಿಸಿದರು. ಮುಖ್ಯ ದನಿ ಡೊಲೊರೆಸ್ ಅವರದೇ.

ಇಲ್ಲಿ ಆ ಕ್ಯಾಸೆಟ್ಟಿನ ಪ್ರಸ್ತಾಪ ಬರುತ್ತದೆ. ನೋಯೆಲ್ ರಾಗ ಕಳಿಸುವುದು, ಡೊಲೊರೆಸ್ ತಮ್ಮಷ್ಟಕ್ಕೆ ತಾವು ಕುಳಿತು ಮಾತು ಹೊಂದಿಸಿ ಹಾಡಿ ಮರಳಿಸುವುದು: ತಂಡದ ರಚನಾಕ್ರಮ ಮೊದಲಿನಿಂದಲೂ ಬಹುಮಟ್ಟಿಗೆ ಇದೇ. 1990ರಲ್ಲಿ ಕ್ಯಾಸೆಟ್ಟು ಕೈಯಿಂದ ಕೈಗೆ ಹೋಯಿತು. 2017ರಲ್ಲಿ ಅದೇ ಕೆಲಸವನ್ನು ಇ-ಮೇಲ್ ಮಾಡಿತು. ಹಾಗಾಗಿ ಈ ಹಾಡುಗಳು ಪೆಟ್ಟಿಗೆಯ ತಳದಿಂದ ಕೆದಕಿ ತೆಗೆದ, ಕಲಾವಿದೆ ತಿರಸ್ಕರಿಸಿದ ಚೂರುಗಳಲ್ಲ. ಇದೇ ಸಂಪುಟಕ್ಕೆಂದು ಆಕೆ ಉದ್ದೇಶಪೂರ್ವಕವಾಗಿ ಕಳಿಸಿದ ಉತ್ತರಗಳು. ವಿಳಾಸ ಸರಿಯಾಗಿಯೇ ಇತ್ತು. ಕೊನೆಯ ಬಾರಿ ಓದಿ ತಿದ್ದುವ ಅವಕಾಶ ಮಾತ್ರ ಬರೆದವರಿಗೆ ಸಿಗಲಿಲ್ಲ. ಆದುದರಿಂದ ನಾಲ್ಕನೆಯ ಪಕ್ಷದ ಆಕ್ಷೇಪ ಗೌರವಕ್ಕೆ ಅರ್ಹವಾದರೂ ಈ ಸಂಪುಟಕ್ಕೆ ಪೂರ್ಣವಾಗಿ ತಗುಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಪಕ್ಷದ ಮಾತು ಹೆಚ್ಚು ಸೂಕ್ಷ್ಮವಾದುದು. ಸಂಪುಟದ ಮೊದಲ ಹಾಡಿನ ಹೆಸರೇ ‘ಆಲ್ ಓವರ್ ನೌ’, ಎಂದರೆ ಈಗ ಎಲ್ಲವೂ ಮುಗಿಯಿತು ಎಂದು. ಅದರೊಳಗೆ ಲಂಡನ್ನಿನ ಒಂದು ಹೋಟೆಲು ಬರುತ್ತದೆ. ಆಕೆಯ ಸಾವಿನ ಸುದ್ದಿ ತಿಳಿದವರು ಈ ಎಡೆಗೆ ಬಂದಾಗ ಬೆಚ್ಚದಿರಲಾರರು. ಮೇಲಾಗಿ ಆ ಹಾಡನ್ನು ಎಲ್ಲಕ್ಕಿಂತ ಮೊದಲು, 2019ರ ಜನವರಿ 15ರಂದು, ಆಕೆ ತೀರಿಕೊಂಡು ಸರಿಯಾಗಿ ಒಂದು ವರ್ಷವಾದ ದಿನವೇ ಕೇಳಿಸಲಾಯಿತು. ಹೀಗೆ ವಿದಾಯವೆಂದು ಕೇಳುವುದನ್ನು ಬಿಡುಗಡೆಯ ದಿನವೇ ನಮಗೆ ಕಲಿಸಿಕೊಟ್ಟಂತಾಯಿತು. ಆದರೆ ಹಾಡನ್ನು ಕಿವಿಗೊಟ್ಟು ಆಲಿಸಿದರೆ ಅಲ್ಲಿರುವುದು ಬೇರೆಯೇ ಕಥೆ. ಆ ಹೋಟೆಲಿನಲ್ಲಿ ಜಗಳವಾಗುತ್ತದೆ. ಹೆಂಗಸೊಬ್ಬಳು ತಾನು ಬಿದ್ದೆನೆಂದು ಸುಳ್ಳು ಹೇಳುತ್ತಾಳೆ. ನಿಜ ಹೊರಬಿದ್ದೀತೆಂದು ಹೆದರುತ್ತಾಳೆ. ಏಟು ತಿಂದು ಮುಚ್ಚಿಡುವ ಹೆಣ್ಣಿನ ಹಾಡು ಅದು. ನಮ್ಮ ಬೀದಿಯಲ್ಲಿಯೂ ‘ಮೆಟ್ಟಿಲ ಮೇಲೆ ಜಾರಿದೆ’ ಎಂದು ಹೇಳುವ ಹೆಂಗಸರನ್ನು ನಾವು ಕಂಡಿದ್ದೇವೆ. ಹಾಡನ್ನು ಮುನ್ಸೂಚನೆಯನ್ನಾಗಿ ಮಾಡಿಕೊಂಡರೆ ಆ ಹೆಂಗಸು ಮರೆಯಾಗುತ್ತಾಳೆ. ಡೊಲೊರೆಸ್ ನಮ್ಮ ಗಮನವನ್ನು ಯಾರ ಕಡೆಗೆ ತಿರುಗಿಸಲು ಬಯಸಿದರೋ ಅವಳನ್ನೇ ನಾವು ನೋಡದೆ ಹೋಗುತ್ತೇವೆ.

‘ಇನ್ ದಿ ಎಂಡ್’ ಎಂಬ ಕೊನೆಯ ಹಾಡಿನ ಮಾತೂ ಹೀಗೆಯೇ. ಬಯಸಿದ್ದೆಲ್ಲ ಕೈಗೆ ಬಂದ ಮೇಲೆ ಅದು ತಾನು ಬಯಸಿದ್ದಲ್ಲವೆಂದು ತಿಳಿಯುವ ವಿಪರ್ಯಾಸ ಅಲ್ಲಿ ಬರುತ್ತದೆ. ಮನೆ, ಕಾರು, ಬಟ್ಟೆ ಎಲ್ಲವನ್ನೂ ಕಿತ್ತುಕೊಂಡರೂ ಚೇತನವನ್ನು ಕಿತ್ತುಕೊಳ್ಳಲಾರಿರಿ ಎಂಬ ದಿಟ್ಟತನವೂ ಬರುತ್ತದೆ. ಕನ್ನಡದಲ್ಲಿ ನಾವು ‘ಕೊನೆಗೆ ಏನಾಯಿತು?’ ಎಂದು ಕೇಳಿದಾಗ ಯಾರ ಮರಣವನ್ನೂ ಕುರಿತು ಕೇಳುತ್ತಿರುವುದಿಲ್ಲ. ಲೆಕ್ಕ ಹಾಕಿದ ಮೇಲೆ ಉಳಿದದ್ದೇನು ಎಂದು ಕೇಳುತ್ತಿರುತ್ತೇವೆ. ಆ ಹಾಡಿನ ‘ಕೊನೆ’ ಈ ಅರ್ಥದ ಕೊನೆ. ನಲವತ್ತಾರರ ಹೊಸ್ತಿಲಲ್ಲಿ, ಕೀರ್ತಿಯನ್ನೂ ಕಾಯಿಲೆಯನ್ನೂ ಕಂಡ ವ್ಯಕ್ತಿ ನಿಂತು ಲೆಕ್ಕ ಹಾಕುವುದು ಸಹಜ. ಲೆಕ್ಕ ಹಾಕುವವರು ಸಾಮಾನ್ಯವಾಗಿ ನಾಳೆಯ ಬದುಕಿಗಾಗಿಯೇ ಲೆಕ್ಕ ಹಾಕುತ್ತಾರೆ.

ಉಳಿದ ಎರಡು ಪಕ್ಷಗಳು ಗುಣದೋಷಕ್ಕೆ ಸಂಬಂಧಪಟ್ಟವು. ಈ ಸಂಪುಟದಲ್ಲಿ ಆಕೆಯ ದನಿ ತಗ್ಗಿದೆ, ‘ಝಾಂಬಿ’ಯ ಬೆಂಕಿಯಿಲ್ಲ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಇದಕ್ಕೆ ಕಾರಣವನ್ನು ಮುದ್ರಣದ ಕ್ರಮದಲ್ಲಿ ಹುಡುಕಬೇಕು. ಸಾಮಾನ್ಯವಾಗಿ ವಾದ್ಯಗಳನ್ನು ಮುದ್ರಿಸಿಕೊಂಡು ಗಾಯಕರು ಕೊನೆಯಲ್ಲಿ ಹಾಡುತ್ತಾರೆ. ಕೆಳಗಿನ ನಾದ ಏರಿದಂತೆ ದನಿಯೂ ಅದರೊಡನೆ ಏರುತ್ತದೆ. ಇಲ್ಲಿ ಕ್ರಮ ತಲೆಕೆಳಗಾಯಿತು. ದನಿ ಮೊದಲೇ ನಿಂತುಬಿಟ್ಟಿತ್ತು. ವಾದ್ಯಗಳು ಅದಕ್ಕೆ ಹೊಂದಿಕೊಂಡು ಬರಬೇಕಾಯಿತು. ಕರಡಿನಲ್ಲಿ ಯಾರೂ ಕಂಠ ಬಿಚ್ಚಿ ಹಾಡುವುದಿಲ್ಲ, ದಾರಿ ಗುರುತಿಸಿಕೊಳ್ಳಲು ಹಾಡುತ್ತಾರೆ. ನಮ್ಮ ಸಂಗೀತಗಾರರು ಮನೆಯಲ್ಲಿ ಗುನುಗುವುದಕ್ಕೂ ಕಛೇರಿಯಲ್ಲಿ ಹಾಡುವುದಕ್ಕೂ ಇರುವ ಅಂತರವನ್ನು ನೆನೆದರೆ ಇದು ತಿಳಿಯುತ್ತದೆ. ಆದುದರಿಂದಲೇ ನಡುವಿನ ಒಂದೆರಡು ಹಾಡುಗಳು ನನ್ನ ಕಿವಿಗೂ ಸಪ್ಪೆಯೆನಿಸಿದವು. ಆದರೆ ‘ಲಾಸ್ಟ್’ ಎಂಬ ಹಾಡಿನಲ್ಲಿಯೂ ಕೊನೆಯ ಹಾಡಿನಲ್ಲಿಯೂ ಅದೇ ಸಂಯಮ ಗುಣವಾಗಿ ಪರಿಣಮಿಸಿದೆ. ಸಭೆಗಾಗಿ ಹಾಡದ ದನಿ ನಮ್ಮೊಬ್ಬರಿಗೇ ಹೇಳುವಂತಿದೆ.

ಹೀಗೆ ತೂಗಿ ನೋಡುವುದು ನಿರ್ದಯತೆಯೆಂದು ಕೆಲವರಿಗೆ ಅನ್ನಿಸಬಹುದು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ, 2022ರ ಮಾರ್ಚ್ 17ರಂದು ಅವರ ‘ಜೇಮ್ಸ್’ ಚಿತ್ರ ತೆರೆಕಂಡಾಗ ಅವರ ಪಾತ್ರಕ್ಕೆ ದನಿ ಕೊಟ್ಟಿದ್ದವರು ಅಣ್ಣ ಶಿವರಾಜ್‌ಕುಮಾರ್. ಆ ದಿನ ಚಿತ್ರಮಂದಿರಕ್ಕೆ ಹೋದ ಕನ್ನಡಿಗರು ಚಿತ್ರದ ಗುಣದೋಷವನ್ನು ಅಳೆಯಲು ಹೋಗಿರಲಿಲ್ಲ. ಅಗಲಿದವರನ್ನು ಇನ್ನೊಮ್ಮೆ ಕಾಣಲು ಹೋಗಿದ್ದರು. ಅದು ತಪ್ಪಲ್ಲ. ಶೋಕಕ್ಕೆ ಅದರದೇ ಆದ ಕಾಲವುಂಟು, ಆ ಕಾಲದಲ್ಲಿ ತಕ್ಕಡಿ ಹಿಡಿಯುವುದು ಸಲ್ಲದು. ಆದರೆ ಶೋಕದ ಕಾಲ ಕಳೆದ ಮೇಲೆಯೂ ನಾವು ತಕ್ಕಡಿ ಹಿಡಿಯದೆ ಇದ್ದರೆ ಕಲಾವಿದರಿಗೆ ಬೇರೊಂದು ಅನ್ಯಾಯ ಮಾಡಿದಂತಾಗುತ್ತದೆ. ಬದುಕಿದ್ದಾಗ ಅವರ ಪ್ರತಿಯೊಂದು ಹಾಡನ್ನೂ ನಾವು ಒರೆಗೆ ಹಚ್ಚಿದೆವು. ಆ ಒರೆಗಲ್ಲನ್ನು ಸತ್ತ ಮೇಲೆ ಕಿತ್ತೆಸೆದರೆ ಅವರನ್ನು ಕಲಾವಿದರ ಪಂಕ್ತಿಯಿಂದಲೇ ಎಬ್ಬಿಸಿ ಕಳುಹಿದಂತೆ.

ಡೊಲೊರೆಸ್ ಅವರ ಈ ಹಾಡುಗಳು ಉಯಿಲಲ್ಲ. ಹೊಸ ಸಂಪುಟವೊಂದನ್ನು ಹೊರತರಬೇಕೆಂದು, ಬೆನ್ನುನೋವಿನ ನಡುವೆಯೂ, ಹಳೆಯ ಗೆಳೆಯ ಕಳಿಸಿದ ರಾಗಕ್ಕೆ ಮಾತು ಹುಡುಕುತ್ತಿದ್ದ ವ್ಯಕ್ತಿಯ ಕೆಲಸ. ಮೊದಲ ಸಲ ಕೇಳುವಾಗ ನಮಗೆ ತಿಳಿದ ಆ ಸಂಗತಿ ಅಡ್ಡಬಂದೇ ಬರುತ್ತದೆ, ಬರಲಿ. ಎರಡನೆಯ ಸಲ ಕೇಳುವಾಗ ಆಕೆಗೆ ತಿಳಿದಿದ್ದಷ್ಟನ್ನೇ ನಾವೂ ತಿಳಿದವರಂತೆ ಕೇಳಲು ಪ್ರಯತ್ನಿಸಬೇಕು. ಆಗ ಮೊದಲ ಹಾಡಿನ ಆ ಹೋಟೆಲಿನಲ್ಲಿ, ತಾನು ಬಿದ್ದೆನೆಂದು ಸುಳ್ಳು ಹೇಳುತ್ತಿರುವ ಆ ಹೆಂಗಸು ನಮ್ಮ ಕಣ್ಣಿಗೆ ಬೀಳುತ್ತಾಳೆ.