ಎಳ್ಳಷ್ಟರಲ್ಲಿ ತಪ್ಪಿದ ಗುಂಡು
ಟೈಮ್ ಮೆಷಿನ್ ಇಲ್ಲದೆ ಬೇರೊಂದು ಕಾಲಕ್ಕೆ ಹೋಗಿ ಇಳಿಯೋಕಾಗುತ್ತಾ? ಮುಂಬೈನ ವಿ.ಟಿ. ಸ್ಟೇಷನ್ನಿನಲ್ಲಿ ಒಬ್ಬರು ಇಳಿದಿದ್ದಾರೆ. ಕಥೆಯಲ್ಲಿ, ಅನ್ನಿ!

ಪುಣೆಯ ಇತಿಹಾಸದ ಪ್ರೊಫೆಸರ್ ಗಂಗಾಧರಪಂತ ಗಾಯ್ತೊಂಡೆ. ಲಾರಿ ಡಿಕ್ಕಿಯಾಗುತ್ತೆ. ಆಮೇಲೆ ಅವರು ಕಾಣೋ ಬೊಂಬಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಜೋರಾಗಿ ವ್ಯಾಪಾರ ಮಾಡ್ತಿದೆ! ಕಾರಣ ಹುಡುಕೋಕೆ ಓಡಿದ್ದು ಎಲ್ಲಿಗೆ? ಟೌನ್ ಹಾಲ್‌ನ ಏಷ್ಯಾಟಿಕ್ ಸೊಸೈಟಿ ಲೈಬ್ರರಿಗೆ. ಮೇಷ್ಟ್ರಲ್ವಾ!

ಉತ್ತರ ಇರೋದು 1761ರ ಪಾಣಿಪತ ಯುದ್ಧದಲ್ಲಿ. ನಮ್ಮ ಇತಿಹಾಸದಲ್ಲಿ ಮರಾಠಾ ಪೇಶ್ವೆಯ ಮಗ ವಿಶ್ವಾಸರಾವ್ ಗುಂಡಿಗೆ ಬಲಿಯಾದ, ಮರಾಠರು ಸೋತರು. ಗಾಯ್ತೊಂಡೆ ಓದಿದ ಇತಿಹಾಸದಲ್ಲಿ ಗುಂಡು ಎಳ್ಳಷ್ಟರಲ್ಲಿ ತಪ್ಪಿ ಕಿವಿ ಪಕ್ಕ ಹಾದುಹೋಗಿದೆ. ಮರಾಠರು ಗೆದ್ದಿದ್ದಾರೆ.

ಯಾವುದು ನಿಜ? ಎಲೆಕ್ಟ್ರಾನ್ ಯಾವ ದಾರಿ ಹಿಡಿಯುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಒಂದೊಂದು ದಾರಿಗೂ ಒಂದೊಂದು ಜಗತ್ತು ಇದ್ದರೆ, ಎರಡು ಇತಿಹಾಸಗಳೂ ನಿಜ ಇರಬಹುದು ಅನ್ನುತ್ತೆ ಕಥೆ.

ಬರೆದವರು ಖಗೋಳವಿಜ್ಞಾನಿ ಜಯಂತ ನಾರಳೀಕರ್, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ವರ್ಷಗಟ್ಟಲೆ ಕೆಲಸ ಮಾಡಿದವರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಅವರು ಬೇರೊಂದು ಕಥೆ ಕಳಿಸಿದ್ದೇ ಸುಳ್ಳು ಹೆಸರಲ್ಲಿ: ಇನಿಶಿಯಲ್ ತಿರುಗಿಸಿ, ನಾರಾಯಣ ವಿನಾಯಕ ಜಗತಾಪ. ಬಹುಮಾನವೂ ಬಂತು!

ಗಾಯ್ತೊಂಡೆ ಏನಾದರು? ಆಜಾದ್ ಮೈದಾನದಲ್ಲಿ ಎಚ್ಚರಾದರು. ಜೇಬಲ್ಲಿ, ಆ ಇನ್ನೊಂದು ಇತಿಹಾಸದ ಹರಿದ ಹಾಳೆ.