ಪ್ರಶ್ನೆಗಳ ಚೀಟಿ

ನಮ್ಮ ಅಕ್ಕನ ತೂಕ 115 ಕಿಲೋ. ಜೊತೆಗೆ ಸಕ್ಕರೆ ಕಾಯಿಲೆ. ತೂಕ ಇಳಿಸಲು ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದಳು. 2024ರಲ್ಲಿ ಚೆನ್ನೈ ಹೊರವಲಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಇಂಥದೇ ಚಿಕಿತ್ಸೆಗೆ ಹೋದ ತರುಣನೊಬ್ಬ ತೀರಿಕೊಂಡ ಸುದ್ದಿ ನಮ್ಮನ್ನು ಕಾಡುತ್ತಿತ್ತು.

"ಡಾಕ್ಟರನ್ನು ಪ್ರಶ್ನೆ ಕೇಳುವುದುಂಟೇನೋ?" ಎಂದು ಅಕ್ಕ ಗದರಿದಳು. ನಾವು ಗುಮಾಸ್ತರು, ಟಿಪ್ಪಣಿಯಿಲ್ಲದೆ ನಮ್ಮಲ್ಲಿ ಕಡತ ಕದಲದು. ಐದು ಪ್ರಶ್ನೆ ಬರೆದೊಯ್ದೆವು.

ಶಸ್ತ್ರವೈದ್ಯರು ಸಾವಧಾನವಾಗಿ ಉತ್ತರಿಸಿದರು. ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ, ಮತ್ತೆ ಸೇರಿಸಲಾಗದು. ಹೊಲಿದ ಜಾಗ ಸೋರುವುದು, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು ಅಪರೂಪ, ಆದರೆ ಉಂಟು. ಮೊದಮೊದಲು ದ್ರವಾಹಾರವೇ. ಬಿ12 ಮುಂತಾದ ಜೀವಸತ್ವದ ಮಾತ್ರೆಗಳು ಜೀವನಪರ್ಯಂತ. ಬಾಯಿ ಕಟ್ಟದಿದ್ದರೆ ತೂಕ ಮರಳೀತು.

ಆಮೇಲೆ ಅವರೇ ಕೇಳಿದರು: "ಗೊರಕೆ ಉಂಟೆ, ತಾಯಿ? ರಾತ್ರಿ ಉಸಿರುಕಟ್ಟಿ ಎಚ್ಚರವಾಗುವುದೆ?"

ಅಕ್ಕ ತಲೆತಗ್ಗಿಸಿ, "ವರ್ಷದಿಂದ ಹಾಗೇ," ಎಂದಳು. ನಮಗೂ ಹೇಳಿರಲಿಲ್ಲ!

"ಅರಿವಳಿಕೆ ಕೊಡುವವರಿಗೆ ಇದು ತಿಳಿದಿರಲೇಬೇಕು. ಮೊದಲು ನಿದ್ರೆಯ ಪರೀಕ್ಷೆ, ದಿನ ಆಮೇಲೆ ಗೊತ್ತುಮಾಡೋಣ," ಎಂದರು ವೈದ್ಯರು.

ಚೀಟಿ ಒಯ್ಯದಿದ್ದರೆ ಆ ಮಾತು ಹೊರಬೀಳುತ್ತಿತ್ತೋ ಇಲ್ಲವೋ. ವಾಚಕರೇ, ನೀವೂ ಕೇಳಿ. ಕೇಳಿದ್ದಕ್ಕೆ ಮುನಿಯುವ ವೈದ್ಯರಾದರೆ, ಇನ್ನೊಬ್ಬರನ್ನು ಹುಡುಕಿ.